1972ರ ಷೆವರ್ಲೆ ಸಿ10 ಪಿಕಪ್: ಹನ್ನೊಂದು ವರ್ಷ ಓಡಿಸಿದ ಮೇಲೆ

ನನ್ನ ಪಿಕಪ್ ಮಾರಾಟಕ್ಕಿದೆ. ಇದೇ ಚಳಿಗಾಲಕ್ಕೆ ಕೆಲಸದ ಮೇಲೆ ಅರಿಜೋನಾದ ಟೂಸಾನ್ ಬಿಟ್ಟು ಮಿಶಿಗನ್‌ಗೆ ಹೋಗುತ್ತಿದ್ದೇವೆ. ಅಲ್ಲಿ ಹಿಮ ಬಿದ್ದರೆ ರಸ್ತೆಗೆಲ್ಲ ಉಪ್ಪು ಎರಚುತ್ತಾರೆ. ಐವತ್ತಮೂರು ವರ್ಷ ತುಕ್ಕು ಕಾಣದೆ ಉಳಿದ ಗಾಡಿಯನ್ನು ಆ ಉಪ್ಪುನೀರಿನಲ್ಲಿ ಓಡಿಸಲು ನನಗೆ ಮನಸ್ಸಿಲ್ಲ. ಕೊಳ್ಳುವವರಿಗೆ, ಅಥವಾ ಇಂಥದ್ದೇ ಗಾಡಿ ಹುಡುಕುತ್ತಿರುವವರಿಗೆ, ನನಗೆ ಗೊತ್ತಿರುವುದನ್ನೆಲ್ಲ ಹೇಳಿಬಿಡುತ್ತೇನೆ.

ಗಾಡಿ 1972ರ ಷೆವರ್ಲೆ ಸಿ10, ಕಸ್ಟಮ್ ಡಿಲಕ್ಸ್. ಸಾಮಾನು ಹೇರುವ ಬೆಡ್ ಎಂಟು ಅಡಿ. ಇಂಜಿನ್ ಎಂಟು ಸಿಲಿಂಡರಿನ ವಿ8, 350 ಕ್ಯೂಬಿಕ್ ಇಂಚು, ಅಂದರೆ 5.7 ಲೀಟರ್. ಗೇರ್ ಆಟೊಮ್ಯಾಟಿಕ್, ಮೂರು ಸ್ಪೀಡ್. ಗೇರ್ ಕೋಲು ಹಳೇ ಅಂಬಾಸಿಡರ್‌ನಲ್ಲಿ ಇರುತ್ತಿತ್ತಲ್ಲ, ಹಾಗೆ ಸ್ಟೀರಿಂಗ್ ಪಕ್ಕದಲ್ಲೇ. ಎಸಿ ಇಲ್ಲ.

2014ರಲ್ಲಿ ಇದನ್ನು ನೋಡುವ ಮೊದಲು ಫೀನಿಕ್ಸ್‌ನಲ್ಲಿ ಇನ್ನೊಂದು ಸಿ10 ನೋಡಿದ್ದೆ. ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಜೇಬಿನಲ್ಲಿ ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿದ್ದೆ. ಬಾಗಿಲ ಕೆಳಗಿನ ಪಟ್ಟಿಗೆ ಇಟ್ಟೆ, ಹಿಡಿಯಲಿಲ್ಲ. ಕ್ಯಾಬಿನ ಹಿಂದಿನ ಕೆಳಮೂಲೆಗೆ ಇಟ್ಟೆ, ಅಲ್ಲೂ ಜಾರಿ ಬಿತ್ತು. ತಗಡು ತಿಂದು ಹೋದ ಜಾಗಕ್ಕೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದಿದ್ದರು. ಮಾರುವವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಅವರಿಗೂ ಗೊತ್ತಿತ್ತೋ ಇಲ್ಲವೋ.

ವಾರ ಕಳೆದು ಇದನ್ನು ನೋಡಿದೆ. ಹಸಿರು ಬಣ್ಣ ಬಿಸಿಲಿಗೆ ಮಂಕಾಗಿತ್ತು. ಬಾನೆಟ್ ಮೇಲೆ ಬಣ್ಣ ಸವೆದು ಪ್ರೈಮರ್ ಕಾಣುತ್ತಿತ್ತು. ಕಿಟಕಿಯ ರಬ್ಬರು ಕಲ್ಲಿನಂತಾಗಿತ್ತು, ಸೀಟು ಬಿರಿದಿತ್ತು. ಆದರೆ ಅಯಸ್ಕಾಂತ ಇಟ್ಟಲ್ಲೆಲ್ಲ ಗಟ್ಟಿಯಾಗಿ ಕಚ್ಚಿಕೊಂಡಿತು. ಮ್ಯಾಟ್ ಎತ್ತಿದೆ, ಕಾಲಿಡುವ ನೆಲದಲ್ಲಿ ಫ್ಯಾಕ್ಟರಿ ಬಣ್ಣ ಹಾಗೇ ಇತ್ತು. ಅಲ್ಲೇ ತೀರ್ಮಾನ ಮಾಡಿದೆ. ಮರುಭೂಮಿಯ ಬಿಸಿಲು ರಬ್ಬರು, ಬಣ್ಣ, ಸೀಟು ಎಲ್ಲವನ್ನೂ ತಿನ್ನುತ್ತದೆ. ಅವೆಲ್ಲ ಹೊಸದು ಸಿಗುತ್ತವೆ. ತುಕ್ಕು ತಿಂದ ಕ್ಯಾಬ್ ಸರಿಮಾಡುವುದು ಮಾತ್ರ ಬೇರೆಯೇ ಕೆಲಸ. ಕತ್ತರಿಸಬೇಕು, ಬೆಸುಗೆ ಹಾಕಬೇಕು, ಗಾಡಿಯ ಬೆಲೆಗಿಂತ ಟಿಂಕರಿಂಗ್ ಖರ್ಚೇ ಜಾಸ್ತಿ ಆಗಬಹುದು.

ನೀವು ಯಾವುದೇ 1967ರಿಂದ 1972ರ ಸಿ10 ನೋಡಲು ಹೋದರೂ ಇನ್ನೊಂದು ಜಾಗ ಮರೆಯಬೇಡಿ. ಮುಂದಿನ ಗಾಜಿನ ಕೆಳಗೆ ಗಾಳಿ ಒಳಗೆ ಹೋಗುವ ಜಾಲರಿ ಇದೆ. ಅದರೊಳಗೆ ತರಗೆಲೆ ಸೇರಿಕೊಳ್ಳುತ್ತದೆ, ಮಳೆನೀರು ಹಿಡಿದಿಟ್ಟುಕೊಳ್ಳುತ್ತದೆ, ಒಳಗಿಂದೊಳಗೇ ಕೊಳೆಸುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಟಾರ್ಚ್ ಹಾಕಿ ನೋಡಿ. ನಾನು ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು, ಹೌದು, ಟೂಸಾನ್‌ಗೂ ಒಂದು ಪುಟ್ಟ ಮಳೆಗಾಲ ಇದೆ, ಅದನ್ನು ಕೈಯಾರೆ ಶುಚಿ ಮಾಡಿದ್ದೇನೆ.

ಕಾಗದಪತ್ರದ ವಿಷಯ. ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ನಂಬರ್ ಪ್ಲೇಟಿನಂಥ ಒಂದು ತಗಡು ಇರುತ್ತದೆ. ಅದರ ಮೇಲಿನ ಗಾಡಿ ನಂಬರು ಸಿಸಿಇ ಅಂತ ಶುರುವಾದರೆ ಫ್ಯಾಕ್ಟರಿಯಿಂದಲೇ ವಿ8 ಬಂದದ್ದು. ಸಿಸಿಎಸ್ ಅಂತ ಇದ್ದರೆ ಆರು ಸಿಲಿಂಡರ್. ಎಷ್ಟೋ ಗಾಡಿಗಳಿಗೆ ಆಮೇಲೆ ವಿ8 ಕೂರಿಸಿರುತ್ತಾರೆ. ಅದು ತಪ್ಪಲ್ಲ, ಆದರೆ ಬೆಲೆ ಮಾತಾಡುವಾಗ ಗೊತ್ತಿರಬೇಕು ಅಲ್ವಾ? ನನ್ನ ಗಾಡಿಯದು ಸಿಸಿಇ. ನಂಬರಿನ ನಡುವೆ ಇರುವ ಝಡ್ ಅಕ್ಷರ ಅದು ಹುಟ್ಟಿದ ಊರನ್ನು ಹೇಳುತ್ತದೆ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಅದೇ ಕಾರ್ಖಾನೆಯಲ್ಲಿ ಈಗ ಟೆಸ್ಲಾ ಕಾರು ತಯಾರಾಗುತ್ತದೆ. ಫ್ರೀಮಾಂಟ್‌ನಲ್ಲಿರುವ ನಮ್ಮ ಕನ್ನಡದ ಗೆಳೆಯರಿಗೆ ಇದನ್ನು ಹೇಳಿದಾಗೆಲ್ಲ ಅವರ ಮುಖ ಅರಳುತ್ತದೆ.

ಮೈಲಿ ಮೀಟರನ್ನು ನಂಬಬೇಡಿ. ಇದರಲ್ಲಿ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರು. ನಾನು ಕೊಂಡಾಗ 58 ಸಾವಿರ ತೋರಿಸುತ್ತಿತ್ತು. ಗ್ಲೋವ್ ಬಾಕ್ಸಿನಲ್ಲಿದ್ದ ಹಳೇ ರಸೀದಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿದಾಗ ಅದು 1,58,000 ಅಂತ ಗೊತ್ತಾಯಿತು. ಇಂಜಿನ್ ಒಮ್ಮೆ ಬಿಚ್ಚಿ ಕೆಲಸ ಮಾಡಿಸಿದ ರಸೀದಿಯೂ ಅಲ್ಲೇ ಸಿಕ್ಕಿತು. ಕೊಂಡ ಮೇಲೆ ನಾನು 31 ಸಾವಿರ ಮೈಲಿ ಓಡಿಸಿದ್ದೇನೆ. ಎಲ್ಲ ಚೀಟಿಗಳೂ ಒಂದು ಫೈಲಿನಲ್ಲಿವೆ, ಗಾಡಿಯ ಜೊತೆಗೇ ಕೊಡುತ್ತೇನೆ.

ಓಡಿಸುವುದು ಹೇಗಿದೆ? ಇದರ ಕಾಲದ ಪಿಕಪ್‌ಗಳಲ್ಲಿ ಇದು ಮೆತ್ತಗೆ. ಹಿಂದೆ ಲೀಫ್ ಸ್ಪ್ರಿಂಗ್ ಬದಲು ಕಾಯಿಲ್ ಸ್ಪ್ರಿಂಗ್ ಇದೆ. ಖಾಲಿ ಗಾಡಿಯೂ ಗುಂಡಿಯಲ್ಲಿ ಎತ್ತಿ ಹಾಕುವುದಿಲ್ಲ. 1971ರಿಂದ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೊಟ್ಟರು. ಅದಕ್ಕೇ ನಾನು 1971 ಅಥವಾ 1972ರದ್ದೇ ಬೇಕು ಅಂತ ಹಠ ಹಿಡಿದಿದ್ದೆ. ಕನ್ನಡ ಬಳಗದ ರಾಜ್ಯೋತ್ಸವಕ್ಕೆ ಕುರ್ಚಿ, ದೊಡ್ಡ ಪಾತ್ರೆ, ಸ್ಪೀಕರು ಎಲ್ಲ ಹೇರಿಕೊಂಡು ಹೋಗಿದ್ದೇನೆ. ಗೆಳೆಯರು ಮನೆ ಬದಲಿಸಿದಾಗ ಮಂಚ, ಫ್ರಿಜ್ಜು ಸಾಗಿಸಿದ್ದೇನೆ. ಉದ್ದ ಬೆಡ್ಡಿನ ಗಾಡಿಗೆ ಗಿಡ್ಡ ಬೆಡ್ಡಿನದಕ್ಕಿಂತ ಬೆಲೆ ಕಡಿಮೆ. ಕೆಲಸಕ್ಕೆ ಮಾತ್ರ ಇದೇ ಸರಿ.

ಹೈವೇಯಲ್ಲಿ ಬೇರೆ ಕಥೆ. ಓವರ್‌ಡ್ರೈವ್, ಅಂದರೆ ವೇಗದಲ್ಲಿ ಇಂಜಿನ್ ನಿಧಾನ ತಿರುಗುವಂತೆ ಮಾಡುವ ಮೇಲಿನ ಗೇರ್, ಇಲ್ಲ. 65 ಮೈಲಿ ವೇಗಕ್ಕೆ ಇಂಜಿನ್ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುವುದು ಕಷ್ಟ. ಮೈಲೇಜ್ ಲೀಟರಿಗೆ ಐದು ಕಿಲೋಮೀಟರ್ ಅಂದುಕೊಳ್ಳಿ. ಏರ್‌ಬ್ಯಾಗ್ ಇಲ್ಲ, ಸೊಂಟದ ಬೆಲ್ಟ್ ಮಾತ್ರ. ಮಗಳನ್ನು ಇದರಲ್ಲಿ ಕೂರಿಸಿಕೊಂಡು ನಾನು ಫ್ರೀವೇಗೆ ಹೋಗುವುದಿಲ್ಲ.

ಇನ್ನು ಪೆಟ್ರೋಲ್ ಟ್ಯಾಂಕ್. ಅದು ಕ್ಯಾಬಿನ ಒಳಗೆ, ಸೀಟಿನ ಬೆನ್ನ ಹಿಂದೆಯೇ ಇದೆ. ಸುಮಾರು 75 ಲೀಟರ್ ಹಿಡಿಯುತ್ತದೆ. ಮುಂದಿನ ಮಾದರಿಯಲ್ಲಿ ಕಂಪನಿಯೇ ಅದನ್ನು ಹೊರಗೆ ಹಾಕಿತು. ಕೊಂಡ ಹೊಸದರಲ್ಲಿ ಒಳಗೆಲ್ಲ ಪೆಟ್ರೋಲ್ ವಾಸನೆ. ಟ್ಯಾಂಕಿನ ಬಾಯಿಗೆ ಹೋಗುವ ರಬ್ಬರ್ ಪೈಪು ಬಿರುಕು ಬಿಟ್ಟಿತ್ತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಎಲ್ಲ ಪೈಪುಗಳನ್ನೂ ಎಥನಾಲ್ ತಡೆಯುವ ರಬ್ಬರಿಗೆ ಬದಲಿಸಿದೆ. ವಾಸನೆ ನಿಂತಿತು. ಮತ್ತೆ ಬಂದರೆ ಅಂದೇ ಗಾಡಿ ನಿಲ್ಲಿಸಿ ನೋಡಿ, ನಾಳೆ ಅನ್ನಬೇಡಿ.

ನನ್ನನ್ನು ಜಾಸ್ತಿ ಕಾಡಿದ್ದು ಬೇಸಿಗೆ. ಒಂದು ಜೂನ್ ಮಧ್ಯಾಹ್ನ ಪಿಕಾಚೊ ಹತ್ತಿರದ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ ಸೆಲ್ಫ್ ಹೊಡೆದರೆ ಸ್ಟಾರ್ಟ್ ಇಲ್ಲ. ಬಿಸಿಲು 43 ಡಿಗ್ರಿ. ಮುಕ್ಕಾಲು ಗಂಟೆ ಕಾದ ಮೇಲೆ ಏನೂ ಆಗದವರ ಹಾಗೆ ಸ್ಟಾರ್ಟ್ ಆಯಿತು. ಒಂದು ಗ್ಯಾರೇಜಿನಲ್ಲಿ ಪೆಟ್ರೋಲ್ ಪಂಪ್ ಹೋಗಿದೆ ಅಂದರು, ಬದಲಿಸಿದರು. ಮುಂದಿನ ವಾರ ಮತ್ತೆ ಅದೇ ಕಥೆ. ಕೊನೆಗೆ ಪಕ್ಕದ ಬೀದಿಯ ಹಿರಿಯರೊಬ್ಬರು ಬಾನೆಟ್ ಎತ್ತಿ ಬೆರಳು ತೋರಿಸಿದರು. ಪೆಟ್ರೋಲ್ ಪೈಪು ಕಾದ ಇಂಜಿನ್ನಿಗೆ ತಾಗಿಕೊಂಡೇ ಹೋಗಿತ್ತು. ಗಾಡಿ ನಿಂತಾಗ ಪೈಪಿನೊಳಗೆ ಪೆಟ್ರೋಲ್ ಕುದಿದು ಆವಿಯಾಗುತ್ತಿತ್ತು, ಪಂಪಿಗೆ ಎಳೆಯಲು ಏನೂ ಸಿಗುತ್ತಿರಲಿಲ್ಲ. ಪೈಪನ್ನು ದೂರ ಸರಿಸಿ, ಶಾಖ ತಡೆಯುವ ಕವಚ ಹಾಕಿ, ಕಾರ್ಬುರೇಟರ್ ಕೆಳಗೆ ದಪ್ಪ ಗ್ಯಾಸ್ಕೆಟ್ ಕೂರಿಸಿದೆವು. ಆಮೇಲೆ ಆರು ಬೇಸಿಗೆ ಕಳೆದಿದೆ, ಒಮ್ಮೆಯೂ ಕೈಕೊಟ್ಟಿಲ್ಲ.

ಎಸಿ ಇಲ್ಲದೆ ಈ ಊರಲ್ಲಿ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಕಾಲ ಬಳಿ ಗಾಳಿ ಬರುವ ಎರಡು ಕಿಂಡಿ ಇವೆ, ಬಾಗಿಲಿನ ಮುಂದೆ ತ್ರಿಕೋನದ ಪುಟ್ಟ ಗಾಜು ಇದೆ. ಅದನ್ನು ಪೂರ್ತಿ ತಿರುಗಿಸಿದರೆ ಗಾಳಿ ಮುಖಕ್ಕೇ ಹೊಡೆಯುತ್ತದೆ. ಬೆಳಿಗ್ಗೆ ಎಂಟರೊಳಗೆ ಸಾಕು. ಆಮೇಲೆ ಬೇಡ.

ಆಯಿಲ್ ಹಾಕುವಾಗ ಜಿಂಕ್ ಜಾಸ್ತಿ ಇರುವುದನ್ನೇ ಹಾಕಿ. ಈಗಿನ ಕಾರುಗಳ ಆಯಿಲಿನಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ. ಇಂಥ ಹಳೇ ಟ್ಯಾಪೆಟ್ಟಿನ ಇಂಜಿನ್ನಿಗೆ ಅದು ಬೇಕೇ ಬೇಕು, ಇಲ್ಲದಿದ್ದರೆ ವಾಲ್ವುಗಳನ್ನು ತೆರೆಯುವ ಕ್ಯಾಮ್ ಸವೆಯುತ್ತದೆ. ಎಡಗಡೆಯ ವಾಲ್ವ್ ಕವರಿನಿಂದ ಸ್ವಲ್ಪ ಆಯಿಲ್ ಜಿನುಗುತ್ತದೆ. ಎರಡು ಸಲ ಗ್ಯಾಸ್ಕೆಟ್ ಹಾಕಿದ್ದೇನೆ, ಪೂರ್ತಿ ನಿಂತಿಲ್ಲ.

ಬಣ್ಣ ನಾನು ಮುಟ್ಟಿಲ್ಲ. ಹೊಡೆಸಿದರೆ ಇನ್ನೂ ಬೆಲೆ ಬರುತ್ತದೆ ಅಂತ ತುಂಬ ಜನ ಹೇಳಿದರು. ಆದರೆ ಬಣ್ಣ ಹೊಡೆದ ಮೇಲೆ ಕೆಳಗಿನ ತಗಡು ಹೇಗಿದೆ ಅಂತ ನೀವು ಕಣ್ಣಾರೆ ನೋಡಲು ಆಗುವುದಿಲ್ಲ. ಈಗ ಎಲ್ಲ ಕಾಣುವ ಹಾಗೇ ಇದೆ.

ನೋಡಲು ಬರುವವರು ಬೆಳಿಗ್ಗೆಯೇ ಬನ್ನಿ. ನೀವು ಬರುವವರೆಗೆ ನಾನು ಇಂಜಿನ್ ಸ್ಟಾರ್ಟ್ ಮಾಡಿರುವುದಿಲ್ಲ. ಬಾನೆಟ್ ಮೇಲೆ ಕೈ ಇಟ್ಟು ತಣ್ಣಗಿದೆ ಅಂತ ನೋಡಿಕೊಳ್ಳಿ. ಆಕ್ಸಿಲರೇಟರ್ ಎರಡು ಸಲ ಒತ್ತಿ, ಆಮೇಲೆ ಕೀ ತಿರುಗಿಸಿ. ಅಯಸ್ಕಾಂತ ಗ್ಲೋವ್ ಬಾಕ್ಸಿನಲ್ಲೇ ಇದೆ.