ನಾಡಕಚೇರಿಯ ವಂಶವೃಕ್ಷ ಸೇವೆ: ಏಜೆಂಟ್ ಬೇಡ, ಅತ್ತೆಯರ ಹೆಸರು ಬೇಕೇ ಬೇಕು

ಹೋಟೆಲಿಗೆ, ಮಿಕ್ಸಿಗೆ, ಚಪ್ಪಲಿಗೆ ಎಲ್ಲರೂ ರಿವ್ಯೂ ಬರೆಯುತ್ತಾರೆ. ನಾಡಕಚೇರಿಗೆ ಯಾರೂ ಬರೆಯುವುದಿಲ್ಲ, ಬೈಯುತ್ತಾರೆ ಅಷ್ಟೇ. ನಾನು ಬರೆಯುತ್ತಿದ್ದೇನೆ. ಐದಕ್ಕೆ ಮೂರೂವರೆ ಸ್ಟಾರ್.

ನಮ್ಮದು ಹಾಸನ ತಾಲ್ಲೂಕಿನ ಸಣ್ಣ ಊರು. ಒಂದಿಷ್ಟು ಜಮೀನಿದೆ. ಮಳೆ ಕೈಹಿಡಿದರೆ ಆಲೂಗೆಡ್ಡೆ, ಇಲ್ಲದಿದ್ದರೆ ಮುಸುಕಿನ ಜೋಳ, ರಾಗಿ. ಪಹಣಿ ಮಾತ್ರ ಇನ್ನೂ ತಾತನ ಹೆಸರಲ್ಲೇ ಇತ್ತು. ತಾತ ಹೋಗಿ ಎಷ್ಟೋ ವರ್ಷವಾಯಿತು, ಆಮೇಲೆ ಅಪ್ಪನೂ ಹೋದರು. ಉಳುವುದು ಚಿಕ್ಕಪ್ಪ ಮತ್ತು ಅಮ್ಮ, ಕಂದಾಯ ಕಟ್ಟುವುದೂ ಅವರೇ, ಕಾಗದದಲ್ಲಿ ಮಾತ್ರ ಇವತ್ತಿಗೂ ತಾತನೇ ರೈತ. ಹೀಗಿದ್ದರೆ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಆಗುವುದಿಲ್ಲ, ಸೊಸೈಟಿಯಲ್ಲಿ ಬೆಳೆ ಸಾಲಕ್ಕೆ ತಕರಾರು, ಬೆಳೆ ಹಾಳಾದಾಗ ಪರಿಹಾರದ ದುಡ್ಡು ಯಾರ ಅಕೌಂಟಿಗೆ ಬರಬೇಕು? 2025ರಲ್ಲಿ ಸರ್ಕಾರ ಇ-ಪೌತಿ ಆಂದೋಲನ ಅಂತ ಶುರು ಮಾಡಿ, ಸತ್ತವರ ಹೆಸರಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಕೊಡುತ್ತೇವೆ ಎಂದ ಮೇಲೆ ನಮ್ಮ ಮನೆಯಲ್ಲೂ ಮಾತು ಎದ್ದಿತು. ಪೌತಿ ಖಾತೆಗೆ, ಅಂದರೆ ಹೀಗೆ ವಾರಸುದಾರರ ಹೆಸರಿಗೆ ಖಾತೆ ಮಾಡಿಸುವುದಕ್ಕೆ, ಮೊದಲು ಬೇಕಾಗುವುದು ವಂಶವೃಕ್ಷ. ಅಣ್ಣ ಬೆಂಗಳೂರಿನಲ್ಲಿ. ಹಾಸನದಲ್ಲಿ ಇರುವವಳು ನಾನು. ಕೆಲಸ ನನಗೇ ಬಿತ್ತು.

ಮೊದಲು ದುಡ್ಡಿನ ವಿಷಯ. ಪರಿಚಯದ ಒಬ್ಬ ಏಜೆಂಟ್ ಎಲ್ಲಾ ಸೇರಿ ಐದು ಸಾವಿರ ಎಂದ. "ನೀವು ಕಚೇರಿ ಮೆಟ್ಟಿಲು ಹತ್ತೋದೇ ಬೇಡ ಮೇಡಂ, ಒಳಗೆ ನಮ್ಮವರಿದ್ದಾರೆ" ಅಂತ ಧೈರ್ಯ ಬೇರೆ. ನಾನೇ ಓಡಾಡಿದೆ. ಅರ್ಜಿಯ ಶುಲ್ಕ ನೂರು ರೂಪಾಯಿಯೊಳಗೆ ಮುಗಿಯಿತು. ಅಫಿಡವಿಟ್‌ಗೆ ಇ-ಸ್ಟಾಂಪ್ 100 ರೂಪಾಯಿ (ಮುಂಚೆ 20 ಇತ್ತು, ಈಗ ಏರಿಸಿದ್ದಾರೆ), ಟೈಪಿಂಗ್ ಮತ್ತು ನೋಟರಿಗೆ ಬೇರೆ, ಬಸ್ಸು, ಜೆರಾಕ್ಸ್. ಎಲ್ಲ ಸೇರಿಸಿದರೂ ಏಜೆಂಟ್ ಕೇಳಿದ್ದರ ಕಾಲುಭಾಗ ಆಗಲಿಲ್ಲ. ಅವನು ಮಾಡುವುದೂ ಇದೇ ಅರ್ಜಿ, ಇದೇ ಕೌಂಟರ್. ನಮ್ಮ ಮನೆಯ ಹೆಸರುಗಳು ಅವನಿಗೆ ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ. ಆ ಹೆಸರುಗಳಲ್ಲೇ ಕೆಲಸ ಎಲ್ಲ ಇರುವುದು.

ಕಚೇರಿಗೆ ಹೋಗುವ ಮುಂಚೆ ಮನೆಯಲ್ಲಿ ಒಂದು ಭಾನುವಾರ ಎಲ್ಲರನ್ನೂ ಕೂರಿಸಿ. ಇದು ನನ್ನ ಮುಖ್ಯ ಸಲಹೆ. ನೋಟ್‌ಬುಕ್ಕಿನಲ್ಲಿ ಮೇಲೆ ತಾತ, ಪಕ್ಕದಲ್ಲಿ ಅಜ್ಜಿ, ಕೆಳಗೆ ಅವರ ಮಕ್ಕಳು ಎಲ್ಲರೂ. ಎಲ್ಲರೂ ಅಂದರೆ ಎಲ್ಲರೂ. ನಮ್ಮ ಚಿಕ್ಕಪ್ಪ ಅಪ್ಪನ ಹೆಸರು, ತಮ್ಮ ಹೆಸರು ಹೇಳಿ ಪೆನ್ನು ಕೆಳಗಿಟ್ಟರು. ಅತ್ತೆಯರು ಎಲ್ಲಿ ಚಿಕ್ಕಪ್ಪ ಅಂತ ಕೇಳಿದೆ. "ಅವರಿಗೆಲ್ಲ ಮದುವೆ ಮಾಡಿ ಕಳಿಸಿ ಆಯ್ತಲ್ಲ, ಅವರ ಹೆಸರು ಯಾಕೆ, ಆಮೇಲೆ ಭಾಗ ಕೇಳ್ತಾರೆ" ಎಂದರು. ಈ ಮಾತು ಹಾಸನದ ಯಾವ ಮನೆಯಲ್ಲೂ ಹೊಸದಲ್ಲ, ಅಲ್ವಾ?

ಕಾನೂನು ಹೀಗಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಮಗಳು ಮೊದಲ ದರ್ಜೆಯ ವಾರಸುದಾರಳು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನ ಸಮಕ್ಕೆ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಮಾಡಿತ್ತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಗೆರೆ ಅಳಿಸಿತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, 2005ರಲ್ಲಿ ಅಪ್ಪ ಬದುಕಿರಲೇಬೇಕು ಎಂದೇನಿಲ್ಲ ಎಂದೂ ಹೇಳಿಬಿಟ್ಟಿತು. ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ, ಅವರು ಟಿವಿ ಕಡೆ ನೋಡುತ್ತಾ ಕೇಳಿಸಿಕೊಂಡರು. ಅವರಿಗೆ ನಾಟಿದ್ದು ಬೇರೆ ಮಾತು: ಹೆಸರು ಬಿಟ್ಟು ಅಫಿಡವಿಟ್ ಕೊಟ್ಟರೆ ಅದು ಸುಳ್ಳು ಪ್ರಮಾಣ, ಸಹಿ ನಿಮ್ಮದೇ ಇರುತ್ತೆ, ನಾಳೆ ಒಬ್ಬ ಅತ್ತೆ ತಕರಾರು ಅರ್ಜಿ ಹಾಕಿದರೆ ಖಾತೆ ಅಲ್ಲೇ ನಿಲ್ಲುತ್ತೆ, ನೀವು ಕೋರ್ಟಿಗೆ ತಿರುಗುತ್ತೀರಿ. ಪೆನ್ನು ಮತ್ತೆ ಕೈಗೆ ಬಂತು.

ಅತ್ತೆಯರಿಗೆ ಭಾಗ ಬೇಡ ಅಂತಿದ್ದರೆ ಅದಕ್ಕೂ ದಾರಿ ಇದೆ. ಅವರು ತಾವಾಗಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರ ಬರೆದು ನೋಂದಣಿ ಮಾಡಿಸಬಹುದು. ವಂಶವೃಕ್ಷದಲ್ಲಿ ಹೆಸರೇ ಹಾಕದಿರುವುದು ದಾರಿಯಲ್ಲ. ನಮ್ಮ ದೊಡ್ಡತ್ತೆಗೆ ಫೋನ್ ಮಾಡಿ ಆಧಾರ್ ಕಾಪಿ ಕೇಳಿದಾಗ, "ನನ್ನ ಹೆಸರೂ ಹಾಕ್ತೀರಾ?" ಎಂದು ಎರಡು ಸಲ ಕೇಳಿದರು. ಅವರಿಗೆ ಜಮೀನು ಬೇಕೋ ಬೇಡವೋ, ಇನ್ನೂ ಹೇಳಿಲ್ಲ. ನಾನೂ ಕೇಳಿಲ್ಲ. ಅದು ಅವರು ತೀರ್ಮಾನ ಮಾಡುವ ವಿಷಯ.

ಇನ್ನೊಂದು ತಲೆನೋವು, ಹೆಸರುಗಳು ಒಂದಕ್ಕೊಂದು ತಾಳೆಯಾಗದಿರುವುದು. ಪಹಣಿಯಲ್ಲಿ ತಾತನ ಹೆಸರಿನ ಕೊನೆಯಲ್ಲಿ ಗೌಡ ಇದೆ, ಮರಣ ಪ್ರಮಾಣ ಪತ್ರದಲ್ಲಿ ಇಲ್ಲ. ಅಜ್ಜಿಯನ್ನು ಊರವರು ಕರೆಯುತ್ತಿದ್ದ ಹೆಸರು ಒಂದು, ವೋಟರ್ ಲಿಸ್ಟಿನಲ್ಲಿ ಇನ್ನೊಂದು. ಆಧಾರ್‌ನಲ್ಲಿ ಚಿಕ್ಕತ್ತೆಯ ಇನಿಷಿಯಲ್ ಗಂಡನ ಮನೆಯದು. ಬಿನ್ (ಯಾರ ಮಗ) ಯಾರು, ಕೋಂ (ಯಾರ ಹೆಂಡತಿ) ಯಾರು ಎಂದು ಹೊಂದಿಸುವುದರಲ್ಲೇ ಅರ್ಧ ಕೆಲಸ. ಇಂಥ ಕಡೆಯಲ್ಲೆಲ್ಲ ಅಫಿಡವಿಟ್‌ನಲ್ಲಿ ಎರಡೂ ಹೆಸರನ್ನು 'ಉರುಫ್' ಹಾಕಿ ಬರೆಸಿ, ಇಬ್ಬರೂ ಒಬ್ಬರೇ ಎಂದು ಒಂದು ಸಾಲು ಸೇರಿಸಿ. ಟೈಪ್ ಮಾಡುವವರು ತಮ್ಮ ಹಳೇ ಮಾದರಿಯಲ್ಲಿ ಸರಸರ ಹೊಡೆದುಬಿಡುತ್ತಾರೆ, ಪಕ್ಕದಲ್ಲೇ ನಿಂತು ಓದಿ. ತೀರಿಕೊಂಡವರ ಮರಣ ಪ್ರಮಾಣ ಪತ್ರಗಳನ್ನೂ ಮೊದಲೇ ಜೋಡಿಸಿಕೊಳ್ಳಿ. ಸಾವನ್ನು ಆಗ ನೋಂದಣಿಯೇ ಮಾಡಿಸದಿದ್ದರೆ ಅದೊಂದು ಬೇರೆ ಯಾತ್ರೆ. ವರ್ಷ ದಾಟಿದ ಮೇಲೆ ಸುಮ್ನೆ ಹೋಗಿ ಬರೆಸಲು ಆಗುವುದಿಲ್ಲ, ಮೇಲಿನ ಆದೇಶ ಬೇಕು.

ಕಚೇರಿಯ ಒಳಗಿನ ಅನುಭವ ಹೇಳುವುದಾದರೆ, ಕೌಂಟರ್‌ನಲ್ಲಿದ್ದ ಹುಡುಗಿ ಚುರುಕು. ಕಾಗದ ನೋಡಿ ಏನು ಕಡಿಮೆ ಇದೆ ಅಂತ ಒಂದೇ ಸಲಕ್ಕೆ ಹೇಳಿದಳು. ಇದು ದೊಡ್ಡ ವಿಷಯ, ಇವತ್ತೊಂದು ನಾಳೆಯೊಂದು ಹೇಳಿ ಓಡಾಡಿಸಲಿಲ್ಲ. ಅರ್ಜಿ ಹಾಕಿದಾಗ ಆರ್‌ಡಿ ನಂಬರ್ ಇರುವ ಸ್ವೀಕೃತಿ ಕೊಡುತ್ತಾರೆ, ಅದನ್ನಿಟ್ಟುಕೊಂಡು ಅರ್ಜಿ ಎಲ್ಲಿದೆ ಎಂದು ಫೋನಿನಲ್ಲೇ ನೋಡಬಹುದು. ಒಂದು ಸ್ಟಾರ್ ಹೋಗಿದ್ದು ಸರ್ವರ್‌ಗೆ. ಸರ್ವರ್ ಡೌನ್ ಅಂದರೆ ಮುಗೀತು, ಹಳ್ಳಿಯಿಂದ ಬಸ್ಸಿಗೆ ಬಂದ ವಯಸ್ಸಾದವರು ಬಾಗಿಲ ಹತ್ತಿರ ಕೂತೇ ಇರುತ್ತಾರೆ. ಕೂರಲು ಸರಿಯಾದ ಬೆಂಚೂ ಇಲ್ಲ, ಹೆಂಗಸರಿಗೆ ಶೌಚಾಲಯ ಕೇಳಲೇಬೇಡಿ. ಇನ್ನೊಂದು ಸ್ಟಾರ್ ಕಳೆದಿದ್ದು, ಅರ್ಜಿ ಗ್ರಾಮ ಆಡಳಿತ ಅಧಿಕಾರಿಯ ಲಾಗಿನ್‌ನಲ್ಲಿ ಸುಮಾರು ದಿನ ಅಲ್ಲಾಡದೆ ಕೂತಿದ್ದಕ್ಕೆ. ನಾವು ವಿಲೇಜ್ ಅಕೌಂಟೆಂಟ್ ಅಂತಿದ್ದೆವಲ್ಲ, ಅದೇ ಹುದ್ದೆ. ನಾವು ಹಾಕಿದ ಸಮಯವೂ ಹಾಗಿತ್ತು ಬಿಡಿ, ಹಾಸನಾಂಬೆಯ ಬಾಗಿಲು ತೆರೆದಿತ್ತು. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ದೇವಿಯ ದರ್ಶನ, ಲಕ್ಷಗಟ್ಟಲೆ ಜನ, ಕಂದಾಯ ಇಲಾಖೆಯವರಿಗೆ ದೇವಸ್ಥಾನದ ಡ್ಯೂಟಿ. ಹಾಗಾಗಿ ಹಾಸನದವರು ದೀಪಾವಳಿ ಮುಗಿಸಿಕೊಂಡು ಅರ್ಜಿ ಹಾಕಿ.

ತಡವಾದರೆ ಸುಮ್ನೆ ಕಾಯಬೇಕಾಗಿಲ್ಲ ಎನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ ಕಾಯ್ದೆ 2011ರದ್ದು, 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರಡಿ ಬರುವ ಸೇವೆ ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು. ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರವೂ ಉಂಟು, ಅದು ತಡ ಮಾಡಿದ ಅಧಿಕಾರಿಯ ಸಂಬಳದಿಂದ ಹೋಗಬೇಕು. ನಾನು ಮೇಲ್ಮನವಿ ಹಾಕಲಿಲ್ಲ. ಫೋನ್ ಮಾಡಿ ಸಕಾಲದ ಹೆಸರು ಎತ್ತಿದೆ. ಎರಡು ದಿನಕ್ಕೇ ಗ್ರಾಮ ಆಡಳಿತ ಅಧಿಕಾರಿ ಬೈಕಿನಲ್ಲಿ ಊರಿಗೆ ಬಂದರು.

ಮಹಜರು, ಅಂದರೆ ಸ್ಥಳದಲ್ಲೇ ಸಾಕ್ಷಿಗಳ ಮುಂದೆ ವಿಚಾರಣೆ, ನಡೆದಿದ್ದು ನಮ್ಮ ಜಗಲಿಯಲ್ಲಿ. ಅಧಿಕಾರಿ ಹೆಸರುಗಳನ್ನು ಜೋರಾಗಿ ಓದಿದರು, ಅಕ್ಕಪಕ್ಕದವರು ಹೌದು ಹೌದು ಎಂದರು. ಎದುರು ಮನೆಯ ಅಜ್ಜಿ ಮಾತ್ರ ತಡೆದು, "ಎಂಕ್ಟಿ ಎಲ್ಲಿ? ನಿಮ್ಮಪ್ಪನಿಗಿಂತ ದೊಡ್ಡವಳು, ಸಿಡುಬಲ್ಲಿ ಹೋದಳಲ್ಲ" ಎಂದರು. ಚಿಕ್ಕಪ್ಪ ತಲೆ ಕೆರೆದುಕೊಂಡರು, ಅವರು ಹುಟ್ಟುವ ಮುಂಚಿನ ಕಥೆ. ಅಮ್ಮನಿಗೆ ಅವರ ಅತ್ತೆ, ಅಂದರೆ ನಮ್ಮಜ್ಜಿ, ಯಾವಾಗಲೋ ಹೇಳಿದ ನೆನಪು ಇತ್ತು. ಆ ಅಧಿಕಾರಿ ಬೇಸರ ಮಾಡಿಕೊಳ್ಳದೆ, ಬಾಲ್ಯದಲ್ಲೇ ಮರಣ ಎಂದು ಸೇರಿಸಿಕೊಂಡರು. ತೀರಾ ತಡ ಮಾಡಿದ ಮನುಷ್ಯನಿಗೆ ಇದಕ್ಕಾಗಿ ಮನಸ್ಸಿನಲ್ಲೇ ಅರ್ಧ ಸ್ಟಾರ್ ವಾಪಸ್ ಕೊಟ್ಟೆ, ಮೇಲೆ ಬರೆದ ಮೂರೂವರೆ ಅದನ್ನೂ ಸೇರಿಸಿಯೇ.

ಅಮ್ಮ ಹೇಳುವ ಪ್ರಕಾರ ಮುಂಚೆ ಸುಗ್ಗಿ ಹೊತ್ತಿಗೆ ಹೆಳವರು ಎತ್ತಿನ ಮೇಲೆ ಬರುತ್ತಿದ್ದರು, ಗಂಟೆ ಸದ್ದು ಕೇಳಿದರೆ ಮಕ್ಕಳೆಲ್ಲ ಓಡಿ ಬರುತ್ತಿದ್ದವು. ಬಾಗಿಲಲ್ಲಿ ನಿಂತು ಮನೆತನದ ಹೆಸರುಗಳನ್ನು ತಲೆಮಾರು ತಲೆಮಾರು ಹೇಳಿ ರಾಗಿ ಪಡೆದು ಹೋಗುತ್ತಿದ್ದರು. ಅದಕ್ಕೆ ಹೋಲಿಸಿದರೆ ನಾಡಕಚೇರಿಯ ವಂಶವೃಕ್ಷ ತೀರಾ ಗಿಡ್ಡ. ಖಾತೆದಾರರಿಂದ ಶುರು, ಈಗಿನ ವಾರಸುದಾರರಿಗೆ ಮುಗಿಯಿತು. ಮುತ್ತಾತನ ಊರು ಯಾವುದು, ಯಾವ ಬರದಲ್ಲಿ ಇಲ್ಲಿಗೆ ಬಂದರು ಎಂಬುದೆಲ್ಲ ಅದರಲ್ಲಿ ಹುಡುಕಬೇಡಿ. ಆದರೆ ಹೆಳವರ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಕೇಳಿದ ನೆನಪು ಅಮ್ಮನಿಗಿಲ್ಲ. ಈ ಗಿಡ್ಡ ಮರದಲ್ಲಿ ಎಂಕ್ಟಿಯೂ ಇದ್ದಾಳೆ.

ಒಂದು ಎಚ್ಚರಿಕೆ. ಇದು ಯಾರು ಯಾರ ಮಕ್ಕಳು ಎಂದು ಹೇಳುವ ಕಾಗದ ಮಾತ್ರ, ಜಮೀನನ್ನು ಪಾಲು ಮಾಡುವ ಕಾಗದ ಅಲ್ಲ. ಪೌತಿ ಖಾತೆ ಆದಾಗಲೂ ವಿಭಾಗ ಆಗದಿದ್ದರೆ ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಬರುತ್ತದೆ. ಬ್ಯಾಂಕಿನಲ್ಲಿ ದೊಡ್ಡ ಮೊತ್ತ, ಷೇರು ಇದ್ದರೆ ಅವರು ಕೋರ್ಟಿನ ಉತ್ತರಾಧಿಕಾರ ಪ್ರಮಾಣ ಪತ್ರ ಕೇಳಬಹುದು, ವಂಶವೃಕ್ಷ ಸಾಲದು.

ನಮ್ಮದು ಡಿಜಿಟಲ್ ಸಹಿ ಹಾಕಿ ಬಂದಿದೆ, ಪೌತಿ ಅರ್ಜಿಯೂ ಒಳಗೆ ಹೋಗಿದೆ. ಈಗ ಚಿಕ್ಕಪ್ಪನೇ ಸೊಸೈಟಿಗೊಂದು, ಬ್ಯಾಂಕಿಗೊಂದು ಅಂತ ಕಾಪಿ ಕೇಳುತ್ತಿದ್ದಾರೆ. ಜೆರಾಕ್ಸ್ ಮಾತ್ರ ಕಚೇರಿ ಎದುರಿನ ಅಂಗಡಿಯಲ್ಲಿ ಮಾಡಿಸಬೇಡಿ, ಬಸ್ ಸ್ಟ್ಯಾಂಡ್ ಕಡೆ ನಡೆದರೆ ಅರ್ಧ ರೇಟು.