ಸ್ಕೂಲ್ ಬಸ್ಸು, ಎರಡನೇ ವರ್ಷ: ಒಳಗೆಲ್ಲ ಸರಿ, ಇಳಿಸೋ ಜಾಗದ್ದೇ ತಲೆನೋವು

ಮಗಳ ಸ್ಕೂಲ್ ಬಸ್ಸಿಗೆ ದುಡ್ಡು ಕಟ್ಟುತ್ತಿರುವುದು ಇದು ಎರಡನೇ ವರ್ಷ. ವರ್ಷಕ್ಕೆ ₹36,000. ಗಂಡ ಹೆಂಡತಿ ಇಬ್ಬರೂ ದುಡಿಯೋ ಮನೆಗೂ ಇದು ಸಣ್ಣ ಮೊತ್ತ ಅಲ್ಲ. ಇದರ ಅರ್ಧಕ್ಕೇ ನಮ್ಮ ಬೀದಿಗೆ ಒಂದು ಓಮ್ನಿ ಬರುತ್ತದೆ. ಬಿಳಿ ಬೋರ್ಡು, ಅಂದರೆ ಸ್ವಂತ ಬಳಕೆಯ ಗಾಡಿ. ಹಿಂದೆ ಗ್ಯಾಸ್ ಸಿಲಿಂಡರು, ಅದರ ಮೇಲೊಂದು ಹಲಗೆ, ಹಲಗೆ ಮೇಲೆ ನಾಲ್ಕು ಮಕ್ಕಳು. ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆಗೆ ಮಕ್ಕಳನ್ನು ಕೂರಿಸೋ ಹಾಗೇ ಇಲ್ಲ. ನಾಳೆ ಏನಾದರೂ ಆದರೆ ಇನ್ಶೂರೆನ್ಸಿನವರು ಮೊದಲು ಎತ್ತೋದು ಅದೇ ಮಾತು. ಖರ್ಚಾದರೂ ಬಸ್ಸೇ ಇರಲಿ ಅಂತ ತೀರ್ಮಾನ ಮಾಡಿದೆವು.

ಹಳದಿ ಬಣ್ಣ, ಕಿಟಕಿಗೆ ಅಡ್ಡ ಸರಳು, ಫಸ್ಟ್ ಏಡ್ ಡಬ್ಬಿ, ಬೆಂಕಿ ಆರಿಸೋ ಸಿಲಿಂಡರು, ಜೊತೆಗೊಬ್ಬರು ಅಟೆಂಡರ್. ಸ್ಕೂಲಿನವರು ಇದನ್ನೆಲ್ಲ ಬ್ರೋಶರ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿಕೊಂಡಿದ್ದಾರೆ. ಇದರಲ್ಲಿ ಬಹುಪಾಲು ಇರಲೇಬೇಕು ಅಂತ ನಿಯಮವೇ ಇದೆ. ಅದಕ್ಕೆ ನಾನು ಬೇರೆ ಮಾರ್ಕ್ಸ್ ಕೊಡಲ್ಲ.

ಬಸ್ಸು ಎಲ್ಲಿದೆ ಅಂತ ತೋರಿಸೋ ಆ್ಯಪ್ ಬಗ್ಗೆಯೂ ಜಾಸ್ತಿ ಬರೆಯಲ್ಲ. ಬಸ್ಸು ನಮ್ಮ ಸ್ಟಾಪಿನಲ್ಲಿ ನಿಂತಿದ್ದರೂ ಆ್ಯಪಿನಲ್ಲಿ ಅದು ಇನ್ನೂ ಚನ್ನಸಂದ್ರದಲ್ಲೇ ಇರುತ್ತದೆ. ‘ಬಸ್ 5 ನಿಮಿಷದಲ್ಲಿ ಬರಲಿದೆ’ ಅನ್ನೋ ಮೆಸೇಜು ಮಗಳು ಯೂನಿಫಾರ್ಮ್ ಬಿಚ್ಚಿ ಹಾಲು ಕುಡಿಯುವಾಗ ಬಂದದ್ದೂ ಇದೆ. ನಾವೆಲ್ಲ ಹಿಂದಿನ ಸ್ಟಾಪಿನವರಿಗೆ ವಾಟ್ಸಾಪ್ ಮಾಡಿ ‘ಹೊರಟ್ತಾ?’ ಅಂತ ಕೇಳ್ತೀವಿ. ಅದು ಕರೆಕ್ಟಾಗಿ ನಡೀತಿದೆ.

ಈ ಬಸ್ಸಿನಲ್ಲಿ ನಿಜವಾಗಿ ದುಡ್ಡು ಕೊಡಬಹುದಾದದ್ದು ಏನಾದರೂ ಇದ್ದರೆ ಅದು ನಮ್ಮ ಆಯಾ. ಮಕ್ಕಳಿಗೆ ಅವರು ‘ಬಸ್ ಆಂಟಿ’. ಬಸ್ಸು ನಿಂತ ತಕ್ಷಣ ಮಕ್ಕಳು ಬಾಗಿಲಿಗೆ ನುಗ್ಗೋ ಹಾಗಿಲ್ಲ. ಮೊದಲು ಆಂಟಿ ಇಳಿಯುತ್ತಾರೆ. ಒಂದು ಕೈಯಲ್ಲಿ ಬಾಗಿಲ ಕಂಬಿ ಹಿಡಿದು, ಕತ್ತು ಹೊರಳಿಸಿ ಹಿಂದೆ ನೋಡುತ್ತಾರೆ. ಬಸ್ಸಿಗೂ ಫುಟ್‌ಪಾತಿಗೂ ನಡುವೆ ಮೂರಡಿ ಜಾಗ ಸಿಕ್ಕರೆ ಸಾಕು, ಬೆಂಗಳೂರಿನಲ್ಲಿ ಬೈಕಿನವರು ಅಲ್ಲೂ ತೂರುತ್ತಾರೆ, ಅಲ್ವಾ? ಆಮೇಲೆ ಬ್ಯಾಗು ಇಳಿಯುತ್ತದೆ. ಆಮೇಲೆ ಮಗು. ಇಳಿಯೋ ಮುಂಚೆ ಐಡಿ ಕಾರ್ಡಿನ ಟ್ಯಾಗನ್ನು ಅಂಗಿಯೊಳಗೆ ತುರುಕುತ್ತಾರೆ. ಟ್ಯಾಗು ಕಂಬಿಗೋ ಬಾಗಿಲಿಗೋ ಸಿಕ್ಕಿಕೊಂಡು ಬಸ್ಸು ಹೊರಟರೆ ಮಗು ಕೆಳಗೆ, ಟ್ಯಾಗು ಮೇಲೆ. ಇದನ್ನು ಅವರಿಗೆ ಯಾವ ಟ್ರೈನಿಂಗಿನಲ್ಲಿ ಹೇಳಿಕೊಟ್ಟರೋ, ಅಥವಾ ಯಾವತ್ತಾದರೂ ಕಣ್ಣಾರೆ ಕಂಡಿದ್ದರೋ, ಕೇಳೋಕೆ ಧೈರ್ಯ ಬಂದಿಲ್ಲ. ಕೊನೆಗೆ ಬಸ್ಸಿನ ಮೈಗೆ ಎರಡು ಸಲ ಪಟಪಟ ಬಡಿದು ‘ರೈಟ್!’ ಅನ್ನುತ್ತಾರೆ. ಅಲ್ಲಿವರೆಗೂ ಬಸ್ಸು ಅಲುಗಲ್ಲ. ಬೆಳಗ್ಗೆ ಸ್ಕೂಲ್ ಮುಟ್ಟಿದ ಮೇಲೆ ಕೊನೇ ಸೀಟಿನವರೆಗೂ ಹೋಗಿ, ಬಗ್ಗಿ, ಸೀಟಿನ ಕೆಳಗೂ ನೋಡುತ್ತಾರಂತೆ. ನಿದ್ದೆ ಹೋದ ಮಗು ಬಸ್ಸಿನಲ್ಲೇ ಉಳಿದು, ಬಸ್ಸು ಬಿಸಿಲಲ್ಲಿ ನಿಂತರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸದ್ಯಕ್ಕೆ ಅವರಿಗೆ ಸಿಗುತ್ತಿರುವುದು ನೀರಿನ ಬಾಟಲಿಗಳು. ಅದರಲ್ಲಿ ಜಾಸ್ತಿ ನಮ್ಮವಳದ್ದೇ.

ಇಷ್ಟೆಲ್ಲ ಇದ್ದೂ ಮೊದಲ ವರ್ಷ ಪೂರ್ತಿ ನನಗೆ ಸಮಾಧಾನ ಇರಲಿಲ್ಲ. ಬೆಳಗ್ಗೆ ಬಸ್ಸು ನಮ್ಮ ಬದಿಗೇ ಬರುತ್ತದೆ. ಸಂಜೆ ಅದೇ ದಾರಿಯಲ್ಲಿ ವಾಪಸ್ ಬರುವಾಗ ಎದುರು ಬದಿಯಲ್ಲಿ ಇಳಿಸುತ್ತಿದ್ದರು. ನಮ್ಮದು ಉತ್ತರಹಳ್ಳಿ ಕಡೆಯ ಮೇನ್ ರೋಡು. ಸ್ಟಾಪಿನ ಹತ್ತಿರ ಡಿವೈಡರ್ ಇಲ್ಲ, ಝೀಬ್ರಾ ಪಟ್ಟಿ ಅಳಿಸಿಹೋಗಿದೆ, ನಾಲ್ಕು ಗಂಟೆಗೆ ನೀರಿನ ಟ್ಯಾಂಕರುಗಳ ಓಡಾಟ. ಸಂಜೆ ಮಗುವನ್ನು ಕರೆತರೋದು ನಮ್ಮತ್ತೆ. ಅವರಿಗೆ ಮಂಡಿ ನೋವು. ಮಗಳೋ, ಅಜ್ಜಿ ಕಂಡರೆ ಓಡೋ ಜಾತಿ. ಅವಳು ಬಸ್ಸಿನ ಮುಂದಿನಿಂದ ದಾಟಿದರೆ, ಬಲಗಡೆಯಿಂದ ಓವರ್‌ಟೇಕ್ ಮಾಡೋನಿಗೆ ಅವಳು ಕಾಣಲ್ಲ. ಅವಳಿಗೂ ಅವನು ಕಾಣಲ್ಲ. ನಡುವೆ ಇಡೀ ಬಸ್ಸೇ ಅಡ್ಡ. ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜಿಗೆ ಹೇಳಿದರೆ “ರೂಟ್ ಫಿಕ್ಸ್ ಆಗಿದೆ ಮೇಡಂ” ಅಂತ ಒಂದೇ ಉತ್ತರ. ಜಿಪಿಎಸ್, ಕ್ಯಾಮೆರಾ, ಸ್ಪೀಡ್ ಗವರ್ನರ್ ಎಲ್ಲ ಇಟ್ಟುಕೊಂಡು ಕೊನೇ ಹತ್ತು ಹೆಜ್ಜೆ ದೇವರ ಮೇಲೆ ಭಾರ!

ನನ್ನ ಸಿಟ್ಟು ಸ್ವಲ್ಪ ಇಳಿದದ್ದು ಡ್ರೈವರ್ ಅಣ್ಣನ ಜೊತೆ ಮಾತಾಡಿದ ಮೇಲೆ. ಸ್ಕೂಲ್ ಡೇ ದಿನ ಬಸ್ಸು ಮೈದಾನದಲ್ಲಿ ನಿಂತಿತ್ತು. ಇದೇ ವಿಷಯ ತೆಗೆದೆ. “ಇಲ್ಲಿ ಕೂತ್ಕೊಂಡು ನೋಡಿ ಅಕ್ಕ” ಅಂತ ಬೀಗದ ಕೈ ಜೇಬಿಗೆ ಹಾಕಿಕೊಂಡು ತಮ್ಮ ಸೀಟು ಬಿಟ್ಟುಕೊಟ್ಟರು. ಮಗಳನ್ನು ಆಂಟಿ ಕೈ ಹಿಡಿಸಿ ಬಂಪರ್ ಮುಂದೆ ನಿಲ್ಲಿಸಿದರು. ಗಾಜಿನಲ್ಲಿ ನನಗೆ ಕಂಡದ್ದು ಆಂಟಿಯ ತಲೆ, ಭುಜ, ಅಷ್ಟೇ. ಮಗಳ ಜುಟ್ಟಿನ ರಿಬ್ಬನ್ ಕೂಡ ಕಾಣಲಿಲ್ಲ. ಮುಂದಿನ ಮೂಲೆಯ ಗುಂಡು ಕನ್ನಡಿಯಲ್ಲಿ ಹುಡುಕಿದೆ. ಅದರಲ್ಲಿ ಹೆಬ್ಬೆರಳಷ್ಟು ಕಂಡಳು. ಆ ಕನ್ನಡಿ ಚೂರು ತಿರುಗಿಹೋಗಿದ್ದರೆ ಅದೂ ಇಲ್ಲ. “ಬಸ್ಸೊಳಗೆ ಇರೋವರೆಗೆ ನನಗೆ ಧೈರ್ಯ. ಇಳಿದ ಮೇಲೇ ಭಯ” ಅಂದರು. ಹಿಂದಿನ ಟೈರಿನ ಹತ್ತಿರ ಏನಾದರೂ ಬಿದ್ದು ಮಗು ಬಗ್ಗಿದರೆ ಯಾವ ಕನ್ನಡಿಗೂ ಸಿಗಲ್ಲವಂತೆ.

ಅವರ ಪಾಡೂ ಅಷ್ಟಕ್ಕಷ್ಟೇ. ಬೆಳಗ್ಗೆ ಐದಕ್ಕೆ ಮನೆ ಬಿಡಬೇಕು. ಟ್ರಾಫಿಕ್ ಪೊಲೀಸರು ಹಿಡಿದು ಕುಡಿದಿದ್ದಾರಾ ಅಂತ ಊದಿಸುತ್ತಾರೆ. ಅದು ಒಳ್ಳೇದೇ ಅಂತ ಅವರೂ ಅಂದರು. ಆದರೆ ಶೂ ಲೇಸ್ ಕಟ್ಟಿಲ್ಲ, ಟಿಫಿನ್ ಡಬ್ಬಿ ಮರೆತೆ ಅಂತ ಸ್ಟಾಪಿಗೆ ಎರಡು ನಿಮಿಷ ಕಾದರೆ, ಕೊನೇ ಸ್ಟಾಪಿನ ತಾಯಿ ಬೈಯೋದು ಡ್ರೈವರಿಗೇ. ಆ ಎರಡು ನಿಮಿಷ ರಸ್ತೆ ಮೇಲೆ ಗಳಿಸೋಕೂ ಆಗಲ್ಲ, ಸ್ಪೀಡ್ ಗವರ್ನರ್ ಇರೋದರಿಂದ ಗಂಟೆಗೆ 40 ಕಿ.ಮೀ. ದಾಟಿದರೆ ಗಾಡಿ ಎಳೆಯಲ್ಲ.

ಆಂಟಿಯೇ ಮಗುವನ್ನು ದಾಟಿಸಲಿ ಅಂತ ಕೆಲವರು ಹೇಳಿದರು. ಸ್ವಲ್ಪ ದಿನ ಅದೂ ನಡೆಯಿತು. ಆದರೆ ಆಂಟಿ ಆ ಬದಿಗೆ ಹೋದ ಹೊತ್ತಿನಲ್ಲಿ ಬಸ್ಸಿನೊಳಗಿನ ಮಕ್ಕಳನ್ನು ನೋಡೋರು ಯಾರು? ಬಾಗಿಲು ಬೇರೆ ತೆರೆದೇ ಇರುತ್ತದೆ. ನನಗಂತೂ ಅದು ಸರಿ ಕಾಣಲಿಲ್ಲ.

ಈ ಜೂನಿನಿಂದ ಸಂಜೆಯೂ ಬಸ್ಸು ಬೆಳಗ್ಗೆಯ ದಿಕ್ಕಿನಲ್ಲೇ ಸುತ್ತು ಹಾಕುತ್ತಿದೆ. ನಮ್ಮ ಬದಿಗೇ ಬಂದು ಇಳಿಸುತ್ತಾರೆ. ಮಗಳು ಮನೆಗೆ ಬರೋದು ಇಪ್ಪತ್ತು ನಿಮಿಷ ತಡ. ಡ್ಯಾನ್ಸ್ ಕ್ಲಾಸಿಗೆ ಲೇಟಾಗುತ್ತೆ ಅಂತ ಗ್ರೂಪಿನಲ್ಲಿ ದೊಡ್ಡ ಜಗಳವೇ ಆಯಿತು. ಆಗಲಿ ಬಿಡಿ. ನಮ್ಮತ್ತೆ ಈಗ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಆರಾಮಾಗಿ ಕಾಯುತ್ತಾರೆ. ಆದರೆ ಒಳಗಿನ ಲೇಔಟಿನ ಎರಡು ಸ್ಟಾಪಿನವರಿಗೆ ಇನ್ನೂ ಎದುರು ಬದಿಯೇ ಗತಿ. ಹಾಗಾಗಿ ಈ ಬಸ್ಸಿಗೆ ನನ್ನ ಮಾರ್ಕ್ಸ್ ಐದಕ್ಕೆ ಮೂರೂವರೆ. ಆಂಟಿ ಇಲ್ಲದಿದ್ದರೆ ಎರಡೂವರೆ.

ಹೊಸದಾಗಿ ಸೇರಿಸೋರಿದ್ದರೆ ಫೀಸ್ ಕಟ್ಟೋ ಮುಂಚೆ ಒಂದು ಸಂಜೆ ನಿಮ್ಮ ಸ್ಟಾಪಿಗೆ ಹೋಗಿ ಸುಮ್ನೆ ನಿಂತು ನೋಡಿ. ಯಾವ ಬದಿಗೆ ಇಳಿಸುತ್ತಾರೆ, ಮೊದಲು ಯಾರು ಇಳಿಯುತ್ತಾರೆ, ಬಸ್ಸು ಯಾರ ಮಾತಿಗೆ ಹೊರಡುತ್ತದೆ. ಆ್ಯಪ್ ಡೆಮೋ ಬೇಕಾದರೆ ಆಮೇಲೆ ನೋಡಿಕೊಳ್ಳಿ. ಈ ವರ್ಷದ ರಸೀದಿಯಲ್ಲಿ ಅದಕ್ಕೇ ಅಂತ ಬೇರೆ ಚಾರ್ಜ್ ಹಾಕಿದ್ದಾರೆ. ಅದನ್ನು ತೆಗೆದು ಆಂಟಿಯ ಸಂಬಳಕ್ಕೆ ಸೇರಿಸಿ ಅಂತ ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಕೇಳೋದಿದೆ.