ಕೋವಿ ಇರುವವರಿಗೆ ಮೈಸೂರಿನಲ್ಲಿ ಬಾಡಿಗೆ ಮನೆ: ವಿಜಯನಗರದ ಮಹಡಿ ಮನೆಯಲ್ಲಿ ಹದಿನಾಲ್ಕು ತಿಂಗಳು

ಮೈಸೂರಿನ ವಿಜಯನಗರ ಮೂರನೇ ಹಂತದಲ್ಲಿ ಮೊದಲ ಮಹಡಿಯ ಎರಡು ಬೆಡ್‌ರೂಮಿನ ಮನೆ. ಬಾಡಿಗೆ 17 ಸಾವಿರ, ಅಡ್ವಾನ್ಸ್ ಒಂದೂವರೆ ಲಕ್ಷ, ಕರಾರು 11 ತಿಂಗಳದ್ದು. ಕೆಳಗಡೆ ಮಾಲೀಕರಿದ್ದಾರೆ, ನಿವೃತ್ತ ಹೈಸ್ಕೂಲು ಮೇಷ್ಟ್ರು ಮತ್ತು ಅವರ ಹೆಂಡತಿ. ಮೇಲೆ ನಾನು, ನನ್ನ ಅವ್ವ, ಎಂಟು ವರ್ಷದ ಮಗಳು, ಜೊತೆಗೆ ಅಪ್ಪನ ಕೋವಿ. ಮನೆಯ ಬಗ್ಗೆ ಬರೆಯಲು ಕೂತಿದ್ದೇ ಆ ಕೋವಿಯ ದೆಸೆಯಿಂದ. ನಮ್ಮ ಕೊಡಗಿನ ವಿರಾಜಪೇಟೆ, ಗೋಣಿಕೊಪ್ಪ, ನಾಪೋಕ್ಲು ಕಡೆಯಿಂದ ಕೆಲಸಕ್ಕೆಂದು ಮೈಸೂರಿಗೋ ಬೆಂಗಳೂರಿಗೋ ಹೊರಟವರು ಫೋನ್ ಮಾಡಿ ಮೊದಲು ಕೇಳುವುದು ಒಂದೇ ಮಾತು: "ಕೋವಿ ಏನ್ ಮಾಡಿದ್ರಿ?"

ನನ್ನ ಕೆಲಸ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಆಹಾರ ಸಂಸ್ಕರಣೆ ಕಂಪನಿಯಲ್ಲಿ. ಅಪ್ಪ ಹೋದ ವರ್ಷವೇ ಈ ಕೆಲಸ ಸಿಕ್ಕಿತು. ಅವ್ವನನ್ನು ಒಬ್ಬಳನ್ನೇ ತೋಟದ ಮನೆಯಲ್ಲಿ ಬಿಡುವಂತಿರಲಿಲ್ಲ, ಅವಳನ್ನು ಕರೆದುಕೊಂಡು ಬಂದರೆ ಆ ಮನೆಗೆ ಬೀಗ. ಬೀಗ ಹಾಕಿದ ಮನೆಯಲ್ಲಿ ಕೋವಿ ಇಡುವುದು ಎಂದರೆ ಕಳ್ಳನ ಕೈಗೆ ಕೊಟ್ಟ ಹಾಗೆ. ನಮ್ಮ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ದೊಡ್ಡಪ್ಪನ ಮಗ ಇದ್ದಾನೆ, "ಇಲ್ಲಿ ಇಟ್ಟು ಹೋಗು" ಅಂದ. ಆದರೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು ಎನ್ನುವ ವಿನಾಯಿತಿ ಪತ್ರ ನನ್ನ ಹೆಸರಲ್ಲಿದೆ, ನಾಳೆ ಏನಾದರೂ ಆದರೆ ಉತ್ತರ ಕೊಡಬೇಕಾದವಳು ನಾನು. ಹಾಗಾಗಿ ಉಳಿದದ್ದು ಎರಡೇ ದಾರಿ: ಬಂದೂಕಿನ ಅಂಗಡಿಯಲ್ಲಿ ಠೇವಣಿ ಇಡುವುದು, ಇಲ್ಲವೇ ಜೊತೆಗೆ ತರುವುದು.

ಮೊದಲು ಠೇವಣಿಯನ್ನೇ ನೋಡಿದೆ. ಲೈಸೆನ್ಸ್ ಇರುವ ಒಂದು ಅಂಗಡಿಯವರು ತಿಂಗಳಿಗಿಷ್ಟು ಅಂತ ತೆಗೆದುಕೊಂಡು ರಸೀದಿ ಕೊಟ್ಟರು. ನಾಲ್ಕು ತಿಂಗಳು ಇಟ್ಟೆ. ಬಿಡಿಸಿಕೊಂಡು ಬಂದ ದಿನ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದರೆ ಎಡಗಡೆಯ ನಳಿಗೆಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಮೂರು ಕಂದು ಚುಕ್ಕೆ. ಮಳೆಗಾಲದಲ್ಲಿ ಎಣ್ಣೆಬಟ್ಟೆ ಸೋಕಿಸಿಯೇ ಇರಲಿಲ್ಲ. ಇದು ವೆಬ್ಲಿ ಆಂಡ್ ಸ್ಕಾಟ್ ಕಂಪನಿಯ ಜೋಡಿ ನಳಿಗೆಯ ತೋಟಾಕೋವಿ. ಕೊಡಗಿನ ಆಟಿ ತಿಂಗಳ ಮಳೆಯಲ್ಲೂ ಅಪ್ಪ ವಾರಕ್ಕೊಮ್ಮೆ ಕೋಲಿಗೆ ಚಿಂದಿ ಸುತ್ತಿ ಒರೆಸುತ್ತಿದ್ದರು, ಒಂದು ಚುಕ್ಕೆ ತುಕ್ಕು ಬರಲು ಬಿಟ್ಟಿರಲಿಲ್ಲ. ಆವತ್ತೇ ತೀರ್ಮಾನ ಮಾಡಿದೆ, ಕೋವಿ ನನ್ನ ಜೊತೆಗೇ ಇರಬೇಕು, ಅದಕ್ಕೆ ತಕ್ಕ ಮನೆ ಹುಡುಕಬೇಕು.

ಕಾನೂನಿನ ಮಾತು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಮನೆ ಮಾಲೀಕರ ಮುಂದೆ ಕೂತಾಗ ಇದು ನಮ್ಮ ಬಾಯಲ್ಲಿ ಸ್ಪಷ್ಟವಾಗಿ ಬರಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದ ಈ ಹಕ್ಕನ್ನು ಕೇಂದ್ರ ಗೃಹ ಸಚಿವಾಲಯ 2019ರ ಅಕ್ಟೋಬರಿನಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿ ಹೋದಾಗ 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಹಲವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಜಿಲ್ಲೆಯಿಂದ ಹೊರಗೆ ವಾಸ ಮಾಡುವಾಗ ಅಥವಾ ಪ್ರಯಾಣ ಮಾಡುವಾಗ ಇದಕ್ಕೊಂದು ಮಿತಿ ಇದೆ: ಒಂದು ರೈಫಲ್ ಮತ್ತು ಅದರ 100 ಗುಂಡು, ಒಂದು ತೋಟಾಕೋವಿ ಅಥವಾ ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಮತ್ತು 500 ತೋಟಾ. ಮನೆಯಲ್ಲಿ ಎರಡು ತೋಟಾಕೋವಿ ಇರುವವರು ಲಾರಿಗೆ ಸಾಮಾನು ಹೇರುವ ಮುಂಚೆ ಇದನ್ನು ಯೋಚಿಸಬೇಕು. ಸಕಲೇಶಪುರ, ಮೂಡಿಗೆರೆ ಕಡೆಯಿಂದ ಬೆಳೆ ರಕ್ಷಣೆಯ ಲೈಸೆನ್ಸ್ ಇಟ್ಟುಕೊಂಡು ಬರುವವರ ದಾರಿ ಬೇರೆ. ಅವರು ವಿಳಾಸ ಬದಲಾದದ್ದನ್ನು ಹೊಸ ಊರಿನ ಲೈಸೆನ್ಸ್ ಅಧಿಕಾರಿಗೆ ತಿಳಿಸಲೇಬೇಕು. ಮೈಸೂರು, ಬೆಂಗಳೂರು ನಗರದಲ್ಲಿ ಆ ಅಧಿಕಾರಿ ಪೊಲೀಸ್ ಕಮಿಷನರ್, ನಮ್ಮ ಕಡೆಯ ಹಾಗೆ ಡಿಸಿ ಅಲ್ಲ.

ಈಗ ಮನೆ ಹುಡುಕಿದ ಕತೆ. ಬ್ರೋಕರ್ ತೋರಿಸಿದ ಮೊದಲ ಮನೆ ಬೋಗಾದಿಯ ಹೊಸ ಅಪಾರ್ಟ್‌ಮೆಂಟಿನಲ್ಲಿ. ಲಿಫ್ಟ್, ಜನರೇಟರ್, ಗೇಟಿನಲ್ಲಿ ಸೆಕ್ಯುರಿಟಿ, ಮಗಳಿಗೆ ಆಡಲು ಜಾಗ, ಎಲ್ಲ ಇತ್ತು. ಕೋವಿಯ ವಿಷಯ ಎತ್ತುವ ಮೊದಲೇ ಹಂದಿ ಮಾಂಸ ಬೇಯಿಸುತ್ತೀರಾ ಎಂದು ಕೇಳಿದರು. ಪಂದಿಕರಿ ಇಲ್ಲದ ಮನೆ ನಮಗೆ ಮನೆಯಲ್ಲ, ಅಲ್ಲಿಗೆ ಅದು ಮುಗಿಯಿತು. ಮುಗಿದದ್ದೇ ಒಳ್ಳೆಯದಾಯಿತು. ಗೋಡೆಗೆ ಮೊಳೆ ಹೊಡೆಯಲೂ ಅಸೋಸಿಯೇಷನ್ನಿನ ಅನುಮತಿ ಬೇಕು ಎನ್ನುವ ಕಡೆ ಬೀರುವನ್ನು ಗೋಡೆಗೆ ಬಿಗಿಯುವುದು ಹೇಗೆ? ಎರಡನೆಯದು ಹೆಬ್ಬಾಳದಲ್ಲೇ, ಆಫೀಸಿಗೆ ಐದು ನಿಮಿಷ. ನೆಲಮಹಡಿ, ಪಕ್ಕದಲ್ಲಿ ಹುಡುಗರ ಪಿಜಿ, ಮಲಗುವ ಕೋಣೆಯ ಕಿಟಕಿ ರಸ್ತೆಗೇ ತೆರೆಯುತ್ತದೆ. ಮಾಲೀಕರು ವಿದೇಶದಲ್ಲಿ. ಬ್ರೋಕರ್ ಅಂದ, "ಮೇಡಂ, ಅದೆಲ್ಲ ಹೇಳೋಕೇ ಹೋಗ್ಬೇಡಿ. ಬೀರು ಒಳಗಡೆ ಇಟ್ಕೊಂಡ್ರೆ ಯಾರಿಗೆ ಗೊತ್ತಾಗುತ್ತೆ?"

ಈ ಸಲಹೆ ನನಗೆ ಮೂರು ಜನ ಕೊಟ್ಟಿದ್ದಾರೆ, ಮೂರೂ ಜನರಿಗೆ ಬೇಡ ಎಂದೇ ಹೇಳಿದ್ದೇನೆ. ಮುಚ್ಚಿಟ್ಟ ಕೋವಿ ಒಂದಲ್ಲ ಒಂದು ದಿನ ಕಾಣಿಸುತ್ತದೆ. ಪೇಂಟ್ ಮಾಡುವವರು ಬರುತ್ತಾರೆ, ಗೆದ್ದಲಿಗೆ ಔಷಧಿ ಹೊಡೆಯುವವರು ಬರುತ್ತಾರೆ, ಚುನಾವಣೆ ಬಂದರೆ ಠೇವಣಿ ಇಡಬೇಕು ಎಂದು ಪೊಲೀಸರು ಹುಡುಕಿಕೊಂಡು ಬರುತ್ತಾರೆ. ಆವತ್ತು ಮಾಲೀಕರಿಗೆ ಮೊದಲ ಸಲ ಗೊತ್ತಾದರೆ ಅವರ ಕಣ್ಣಿಗೆ ನಾವು ಕಳ್ಳರೇ. ಅಪ್ಪನ ಕೋವಿಗೆ ಅಂಥ ಹೆಸರು ಬರುವುದು ನನಗೆ ಬೇಡವಾಗಿತ್ತು. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಈಡು, ಅಂದರೆ ಒಂದು ಗುಂಡು, ಸಾವಾದರೆ ಎರಡು ಈಡು. ಅಪ್ಪ ತೀರಿಕೊಂಡಾಗ ಎರಡು ಈಡು ಹೊಡೆದದ್ದು ಇದೇ ಕೋವಿಯಿಂದ.

ಮೂರನೆಯದೇ ಈ ಮನೆ. ಅಡ್ವಾನ್ಸ್ ಕೊಡುವ ಮೊದಲೇ ಮೇಷ್ಟ್ರ ಮುಂದೆ ಕೂತು ಹೇಳಿದೆ. ಅವರು ತಕ್ಷಣ ಏನೂ ಅನ್ನಲಿಲ್ಲ. "ಕಾಗದ ತೋರ್ಸಮ್ಮ" ಅಂದರು. ಕನ್ನಡಕ ಹಾಕಿಕೊಂಡು ವಿನಾಯಿತಿ ಪತ್ರವನ್ನು ಎರಡು ಸಲ ಓದಿದರು, ಕೋವಿಯ ನಂಬರನ್ನು ಬೆರಳಿಟ್ಟು ನೋಡಿದರು. ಕೋವಿ ತೋರಿಸು ಎಂದು ಕೇಳಲಿಲ್ಲ. ಕೇಳಿದ್ದು ಅವರ ಹೆಂಡತಿ, ಅದೂ ಬೇರೆಯೇ ಪ್ರಶ್ನೆ.

"ಕೋವಿ ಸರಿ. ತೋಟಾ ಎಲ್ಲಿಡ್ತೀಯಾ? ಕೀಲಿ ಯಾರ ಹತ್ರ ಇರುತ್ತೆ? ಪಾಪು ಇದಾಳಲ್ಲಮ್ಮ ಮನೇಲಿ."

ಇಷ್ಟು ಮನೆ ನೋಡಿದ್ದರಲ್ಲಿ ಕೇಳಬೇಕಾದ್ದನ್ನು ಕೇಳಿದವರು ಅವರೊಬ್ಬರೇ. ನಾನು ಅಂದೆ, "ಆಂಟಿ, ಕೋವಿ ನನ್ನ ಕೋಣೆಯಲ್ಲಿ, ತೋಟಾ ಅವ್ವನ ಕೋಣೆಯಲ್ಲಿ. ಎರಡಕ್ಕೂ ಬೇರೆ ಬೇರೆ ಬೀಗ, ಕೀಲಿ ಒಂದು ನನ್ನ ಹತ್ತಿರ, ಒಂದು ಅವ್ವನ ಹತ್ತಿರ. ಕೋವಿಯ ಭಾಗಗಳನ್ನ ಬಿಡಿಸಿಯೇ ಇಡೋದು." ಅವರು ಮೇಷ್ಟ್ರ ಮುಖ ನೋಡಿದರು. ಒಂದು ದಿನ ಟೈಮ್ ಕೇಳಿದರು. ಮಾರನೇ ದಿನ ಸಂಜೆ ಬಂದು ಕೀಲಿ ತೆಗೆದುಕೊಳ್ಳಿ ಎಂದು ಫೋನ್ ಬಂತು.

ಕೋವಿಗೆ ಜಾಗ ಮಾಡಿದ ವಿವರ ಬರೆಯುತ್ತೇನೆ, ಇದನ್ನೇ ಎಲ್ಲರೂ ಕೇಳುವುದು. ನಮ್ಮ ಕೋವಿ ಜೋಡಿಸಿದರೆ 46 ಇಂಚು ಉದ್ದ. ಮನೆಯಲ್ಲಿರುವ ಗೋದ್ರೇಜ್ ಬೀರುವಿನ ಒಳಗಿನ ಲಾಕರ್ ಒಡವೆಗೆ ಸರಿ, ಕೋವಿಗೆ ಅಲ್ಲ. ಹಲಗೆ ತೆಗೆಯದೆ ನಿಲ್ಲಿಸಲೂ ಆಗುವುದಿಲ್ಲ. ಬಾಡಿಗೆ ಮನೆಗಳಲ್ಲಿ ಗೋಡೆಯೊಳಗೆ ಮಾಡಿಸಿರುವ ಪ್ಲೈವುಡ್ಡಿನ ವಾರ್ಡ್‌ರೋಬಿನಲ್ಲಿ ದಯವಿಟ್ಟು ಇಡಬೇಡಿ, ಒಂದು ಸ್ಕ್ರೂಡ್ರೈವರ್ ಸಾಕು ಅದನ್ನು ಮೀಟಲು. ನಾನು ಬೀರುವಿನ ಕೆಳಗಿನ ಹಲಗೆಗಳನ್ನು ತೆಗೆಸಿ, ವೆಲ್ಡಿಂಗ್ ಮಾಡುವವನೊಬ್ಬನಿಂದ ದಪ್ಪ ತಗಡಿನ ಒಂದು ಉದ್ದನೆಯ ಪೆಟ್ಟಿಗೆ ಮಾಡಿಸಿ ಒಳಗೆ ನಿಲ್ಲಿಸಿದೆ. ಅಗಲ ಎಂಟು ಇಂಚು, ಅದಕ್ಕೇ ಬೇರೆ ಬೀಗ. ಪೆಟ್ಟಿಗೆಯನ್ನು ಬೀರುವಿನ ಬೆನ್ನಿಗೆ, ಬೀರುವನ್ನು ಗೋಡೆಗೆ ನಾಲ್ಕು ಬೋಲ್ಟಿನಿಂದ ಬಿಗಿದಿದೆ. ಡ್ರಿಲ್ ಹಾಕುವಾಗ ಮೇಷ್ಟ್ರು ತಾವೇ ಹಳೆಯ ಪೇಪರ್ ಹಿಡಿದು ನಿಂತಿದ್ದರು, ಗಾರೆಯ ಪುಡಿ ನೆಲಕ್ಕೆ ಬೀಳದಿರಲಿ ಎಂದು. ಎಲ್ಲ ಸೇರಿ 6,800 ರೂಪಾಯಿ ಖರ್ಚಾಯಿತು.

ನಳಿಗೆ ಮತ್ತು ಹಿಡಿಯ ಮರ ಪೆಟ್ಟಿಗೆಯಲ್ಲಿ, ಎಣ್ಣೆ ಸವರಿದ ಹತ್ತಿ ಬಟ್ಟೆಯ ಒಳಗೆ. ನಳಿಗೆಯ ಕೆಳಗೆ ಕೂರುವ ಮುಂದಿನ ಮರದ ತುಂಡು ಅಲ್ಲಿರುವುದಿಲ್ಲ, ತೋಟಾದ ಜೊತೆ ಅವ್ವನ ಲಾಕರಿನಲ್ಲಿ. ಅದಿಲ್ಲದೆ ಕೋವಿಯನ್ನು ಸರಿಯಾಗಿ ಜೋಡಿಸಲಾಗದು. ಮಗಳಿಗೆ ಕೋವಿ ಇದೆ ಎಂದು ಗೊತ್ತು, ಕೀಲಿ ಎಲ್ಲಿದೆ ಎಂದು ಗೊತ್ತಿಲ್ಲ. ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಒರೆಸುವಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಹಿಡಿಯ ಮರದಲ್ಲಿ ಅಪ್ಪನ ಕೆನ್ನೆ ತಾಗಿ ತಾಗಿ ಪಾಲಿಶ್ ಹೋದ ಒಂದು ಜಾಗ ಇದೆ, ಅವಳು ಅಲ್ಲಿ ಒಂದು ಸಲ ಬೆರಳಿಟ್ಟು ನೋಡಿ ಸುಮ್ಮನಾಗುತ್ತಾಳೆ. ಮೈಸೂರಿನ ಒಣಹವೆ ಕೋವಿಗೆ ಒಳ್ಳೆಯದು. ಈ ಹದಿನಾಲ್ಕು ತಿಂಗಳಲ್ಲಿ ಹೊಸ ಚುಕ್ಕೆ ಒಂದೂ ಬಂದಿಲ್ಲ.

ಮನೆ ಇರುವ ಜಾಗಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಹುಣಸೂರು ರಸ್ತೆ ಹತ್ತಿರ, ಶುಕ್ರವಾರ ಸಂಜೆ ಊರಿನ ಒಳಗೆ ಸಿಕ್ಕಿಹಾಕಿಕೊಳ್ಳದೆ ಹೊರಡಬಹುದು. ಕೊಡವ ಸಮಾಜ ವಿಜಯನಗರದಲ್ಲೇ ಇರುವುದರಿಂದ ಅವ್ವನಿಗೆ ಮಾತಿಗೆ ಜನ ಸಿಕ್ಕಿದ್ದಾರೆ. ಪೊಲೀಸ್ ಠಾಣೆಯೂ ದೂರವಿಲ್ಲ. ಬಂದ ಮೊದಲ ವಾರವೇ ಠಾಣೆಗೆ ಹೋಗಿ ಹೊಸ ವಿಳಾಸ, ಕೋವಿಯ ನಂಬರ್, ವಿನಾಯಿತಿ ಪತ್ರದ ಜೆರಾಕ್ಸ್ ಕೊಟ್ಟು ನನ್ನ ಪ್ರತಿಗೆ ಸೀಲು ಹಾಕಿಸಿಕೊಂಡೆ. ಆ ಸೀಲು ಬಿದ್ದ ಹಾಳೆಯನ್ನು ಕೋವಿಯ ಜೊತೆಗೇ ಒಯ್ಯುತ್ತೇನೆ.

ಊರಿಗೆ ಕೋವಿ ಹೋಗುವುದು ವರ್ಷಕ್ಕೆ ಎರಡು ಸಲ, ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ಮತ್ತು ಸುಗ್ಗಿಯ ಪುತ್ತರಿ ಹಬ್ಬಕ್ಕೆ. ಬರೀ ನಾವು ಹೋಗುವಾಗ ಹುಣಸೂರಿನಿಂದ ಆನೆಚೌಕೂರು, ತಿತಿಮತಿ ದಾರಿ. ಕೋವಿ ಇದ್ದರೆ ಆ ದಾರಿ ಹಿಡಿಯುವುದಿಲ್ಲ. ಅಲ್ಲಿ ನಾಗರಹೊಳೆ ಕಾಡು, ಅರಣ್ಯ ಇಲಾಖೆಯ ಗೇಟು. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ ಎಂದು ವನ್ಯಜೀವಿ ಕಾಯ್ದೆಯೇ ಹೇಳುತ್ತದೆ, ನಮ್ಮ ವಿನಾಯಿತಿ ಅಲ್ಲಿ ಮಾತಾಡುವುದಿಲ್ಲ. ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ ಸುತ್ತಿ ವಿರಾಜಪೇಟೆಗೆ ಇಳಿಯುತ್ತೇವೆ. ನಲವತ್ತು ಕಿಲೋಮೀಟರ್ ಹೆಚ್ಚು, ಆದರೆ ಮನಸ್ಸಿಗೆ ನೆಮ್ಮದಿ.

ಇನ್ನು ಕೊರತೆಗಳು. ಮುಂಬಾಗಿಲು ತೆಳುವಾದ ಫ್ಲಶ್ ಡೋರ್, ಒಂದೇ ಚಿಲಕ. ಕೋವಿ ಇಡುವ ಮನೆಗೆ ಇದು ಸಾಲದು. ಹೊರಗೆ ಕಬ್ಬಿಣದ ಗ್ರಿಲ್ ಬಾಗಿಲು, ಒಳಗೆ ಎರಡನೇ ಲಾಕ್ ನನ್ನ ಖರ್ಚಿನಲ್ಲೇ ಹಾಕಿಸಿದೆ. ಮೇಷ್ಟ್ರು ಅರ್ಧ ದುಡ್ಡು ಬಾಡಿಗೆಯಲ್ಲಿ ಮುರಿದುಕೊಳ್ಳಿ ಅಂದದ್ದು ನಿಜ, ಆದರೆ ಅದಕ್ಕೆ ಮೂರು ತಿಂಗಳು ಹಿಡಿಯಿತು. ಟೆರೇಸಿಗೆ ಕೇಬಲ್‌ನವರು, ಟ್ಯಾಂಕ್ ತೊಳೆಯುವವರು ಯಾವಾಗ ಬೇಕಾದರೂ ಹತ್ತಿ ಹೋಗುತ್ತಿದ್ದರು. ಅಲ್ಲಿನ ಬಾಗಿಲಿನ ಕೀಲಿ ಈಗ ಆಂಟಿಯ ಹತ್ತಿರ ಇದೆ. ಏಪ್ರಿಲ್‌ನಲ್ಲಿ ಮಹಡಿ ಕಾದು ರಾತ್ರಿ ಹನ್ನೊಂದರವರೆಗೆ ಕೋಣೆಯಲ್ಲಿ ಇರಲಾಗುವುದಿಲ್ಲ. ಅಡುಗೆಮನೆ ಇಬ್ಬರು ನಿಲ್ಲಲಾಗದಷ್ಟು ಚಿಕ್ಕದು. ಕಾರು ರಸ್ತೆಯಲ್ಲೇ ನಿಲ್ಲಬೇಕು, ಕೋವಿ ಹತ್ತಿಸಿ ಇಳಿಸುವಾಗ ಇಡೀ ಬೀದಿಯ ಕಣ್ಣು. ಬಿಡಿಸಿಟ್ಟರೆ ಮೂರಡಿಯೊಳಗಿನ ಕ್ಯಾನ್ವಾಸ್ ಚೀಲಕ್ಕೆ ಹಿಡಿಸುತ್ತದೆ, ಷಟಲ್ ಕಿಟ್ ಇದ್ದ ಹಾಗೆ ಕಾಣುತ್ತದೆ. ಸುಮ್ಮನೆ ಒಬ್ಬರನ್ನು ಹೆದರಿಸುವುದು ಏಕೆ?

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದುಕೊಂಡ ಒಂದು ಅಂಕ ಬಾಗಿಲಿನದು ಮತ್ತು ಸೆಕೆಯದು. ಆ ನಾಲ್ಕರಲ್ಲಿ ಮೂರು ಕೆಳಗಿನ ಮನೆಯ ಇಬ್ಬರದು.

ಮೂರು ತಿಂಗಳ ಹಿಂದೆ ಕರಾರು ಮತ್ತೆ ಬರೆಸಿದೆವು, ಬಾಡಿಗೆ ಐದು ಪರ್ಸೆಂಟ್ ಏರಿ 17,850 ಆಯಿತು. ಈ ಸಲ ಒಂದು ಸಾಲು ಸೇರಿಸಿ ಎಂದು ನಾನೇ ಕೇಳಿದೆ: ಬಾಡಿಗೆದಾರರ ಬಳಿ ಕಾನೂನುಬದ್ಧವಾದ ಒಂದು ಕೋವಿ ಇರುವುದು ಮಾಲೀಕರಿಗೆ ತಿಳಿದಿದೆ. ಮೇಷ್ಟ್ರು ಛಾಪಾ ಕಾಗದವನ್ನು ಮುಂದಿಟ್ಟುಕೊಂಡು ಓದಿದರು, ಪೆನ್ನು ತೆಗೆದು ಆ ಸಾಲಿನ ಕೆಳಗೆ ತಮ್ಮ ದುಂಡು ಅಕ್ಷರದಲ್ಲಿ "ತೋಟಾ ಬೇರೆ ಕೋಣೆಯಲ್ಲಿ, ಬೇರೆ ಕೀಲಿಯಲ್ಲಿ" ಎಂದು ಬರೆದು, ಸಾಕ್ಷಿಯ ಜಾಗದಲ್ಲಿ ಸಹಿ ಮಾಡಲು ಹೆಂಡತಿಯನ್ನು ಅಡುಗೆಮನೆಯಿಂದ ಕರೆದರು.